ಬಿಳಿ ಹೇಂಟೆ ಮೊಟ್ಟೆಯಿಟ್ಟು ಕೂಗುವುದೇಕೆ

ಇನ್ನೂ ನೆಲದ ಹಸಿ ಆರಿರಲಿಲ್ಲ ನೋಡು, ಅಷ್ಟು ಹಳೇ ಕಾಲ. ಬೆಟ್ಟಗಳಿಗೆ ಆಗತಾನೆ ಹೆಸರಿಡುತ್ತಿದ್ದರು. ಆಗ ಕೋಳಿಗಳಲ್ಲಿ ಈ ಜಾತಿ, ಆ ಜಾತಿ ಅಂತ ಇರಲಿಲ್ಲ. ಬಣ್ಣ ಬೇರೆ, ಗುಣ ಒಂದೇ. ಹತ್ತು ಹನ್ನೆರಡು ಮೊಟ್ಟೆ ಇಡೋದು, ಆಮೇಲೆ ಹೊಟ್ಟೆಯಡಿ ಕಾವು ಏರೋದು, ಇಪ್ಪತ್ತೊಂದು ದಿನ ಕೂತು ಮರಿ ಮಾಡೋದು. ಕಾವಿಗೆ ಕೂತ ಹೇಂಟೆ ಮೊಟ್ಟೆ ಇಡೋದಿಲ್ಲ. ಇದನ್ನ ನೆನಪಿಟ್ಟುಕೋ, ನಡುವೆ ಕೇಳಿದರೆ ಮತ್ತೆ ಹೇಳೋದಿಲ್ಲ.

ಹೊಳೆ ದಂಡೆಯಲ್ಲಿ ದ್ಯಾವೀರಿ ಅನ್ನೋ ಹೆಂಗಸಿದ್ದಳು. ಅವಳ ಪುಟ್ಟ ಮಗಳು ಸಣ್ಣಿ ಜ್ವರ ಬಂದು ಕಡ್ಡಿಯಾಗಿದ್ದಳು. "ಮೂರು ತಿಂಗಳು ದಿನಕ್ಕೊಂದು ಮೊಟ್ಟೆ ತಿನ್ನಿಸು, ಬದುಕ್ತಾಳೆ" ಅಂತ ಗಾಳಿ ಹೇಳಿ ಹೋಯ್ತು. ಹೇಳೋದಕ್ಕೇನು, ಗಾಳಿ ಯಾವತ್ತು ಕೋಳಿ ಸಾಕಿತ್ತು?

ದ್ಯಾವೀರಿ ಹಿತ್ತಲಲ್ಲಿದ್ದ ಮೂರು ಹೇಂಟೆಗಳ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಕಾವಿಗೆ ಕೂರದೆ ದಿನಾ ಮೊಟ್ಟೆ ಕೊಡ್ತೀರೇನ್ರವ್ವಾ?"

"ನನ್ನಿಂದ ಆಗದವ್ವ" ಅಂತು ಕರಿ ಹೇಂಟೆ. "ತಿನ್ನೋದು, ಮೈ ಬೆಳೆಸೋದು, ನನಗೆ ಗೊತ್ತಿರೋದು ಅಷ್ಟೇ."

"ಮರಿ ಬಿಟ್ಟು ಬೇರೇನಾದರೂ ಕೇಳವ್ವ" ಅಂತು ಕೆಂಪು ಹೇಂಟೆ.

ಬಿಳಿ ಹೇಂಟೆ ಬಾಗಿಲಲ್ಲಿ ಇಣುಕಿ ಸಣ್ಣಿಯನ್ನ ನೋಡಿತು. ಅದಕ್ಕೆ ಕರುಳು ಚುರುಕ್ ಅಂತು. ಪಾಪ, ಅದಕ್ಕೂ ಮರಿ ಅಂದರೆ ಪ್ರಾಣ, ಇನ್ನೂ ಒಂದೂ ಮರಿ ಮಾಡಿರಲಿಲ್ಲ. "ಮೂರೇ ತಿಂಗಳು ತಾನೇ? ಆಮೇಲೆ ನನ್ನ ಮರಿ ನಾನು ಮಾಡ್ಕೋತೀನಿ" ಅಂತು.

ಕಾವು ಇಳಿಸೋಕೆ ಕೋಳಿಯನ್ನ ನೀರಲ್ಲಿ ಅದ್ದೋದು ಈಗಲೂ ಉಂಟಲ್ಲ, ದ್ಯಾವೀರಿ ಅದನ್ನೇ ಮಾಡಿದಳು. ಹೊಳೆಗೆ ಒಯ್ದು ಬಿಳಿ ಹೇಂಟೆಯ ಹೊಟ್ಟೆ ಮುಳುಗುವಷ್ಟು ಹಿಡಿದಳು.

"ಏನೋ ಬೆಚ್ಚಗೆ ಬಂತಲ್ಲ?" ಅಂತು ಹೊಳೆ.

"ನನ್ನ ಕಾವು. ಜೋಪಾನ ಮಾಡಿರು, ಬಂದು ಇಸ್ಕೋತೀನಿ."

"ಹ್ಞೂಂ" ಅಂತು ಹೊಳೆ. ಹೊಳೆಯ ಸ್ವಭಾವ ನಿನಗೆ ಗೊತ್ತಿಲ್ಲ, ಏನು ಕೇಳಿದರೂ ಹ್ಞೂಂ ಅನ್ನುತ್ತೆ, ಮುಂದಕ್ಕೆ ಹೋಗುತ್ತೆ.

ಬಿಳಿ ದಿನಾ ಮೊಟ್ಟೆ ಕೊಟ್ಟಿತು. ಸಣ್ಣಿ ಎದ್ದು ಕೂತಳು, ನಡೆದಳು, ಆಮೇಲೆ ಹಿತ್ತಲು ತುಂಬ ಓಡಾಡಿದಳು. ಮೂರು ತಿಂಗಳು ಮುಗಿದ ದಿನವೇ ಬಿಳಿ ಹೊಳೆಗೆ ಓಡಿತು.

"ನನ್ನ ಕಾವು ಕೊಡು ತಾಯಿ."

"ನಾನು ನಿಲ್ಲೋಳಲ್ಲವಲ್ಲ ಮಗಳೇ" ಅಂತು ಹೊಳೆ. "ಅದು ಸಮುದ್ರ ಸೇರಿ ಎಷ್ಟು ಕಾಲವಾಯ್ತೋ."

ಬಿಳಿ ನಂಬಲಿಲ್ಲ. ಮನೆಗೆ ಬಂದು ಮೊಟ್ಟೆಗಳ ಮೇಲೆ ಕೂತೇ ಕೂತಿತು. ಇಪ್ಪತ್ತೊಂದು ದಿನ ಅನ್ನ ನೀರು ಬಿಟ್ಟು ಕೂತಿತು. ಹೊಟ್ಟೆಯಡಿ ಬಿಸಿ ಏರಲೇ ಇಲ್ಲ, ಮೊಟ್ಟೆಗಳೆಲ್ಲ ಕೊಳೆತವು.

ದ್ಯಾವೀರಿಗೆ ನೋಡೋಕಾಗಲಿಲ್ಲ. ಬಿಳಿ ಆಮೇಲೆ ಇಟ್ಟ ಏಳು ಮೊಟ್ಟೆ ಕೂಡಿಸಿ, ಒಳಕೋಣೆಯ ಮಂಕರಿ ಬುಟ್ಟಿಯಲ್ಲಿ ಕಾವಿಗೆ ಕೂತಿದ್ದ ಕೆಂಪು ಹೇಂಟೆ ಕೆಂಪಿಯ ಹೊಟ್ಟೆಯಡಿ ಇಟ್ಟಳು. ಬಿಳಿ ದಿನವೂ ಬಾಗಿಲಾಚೆ ಬಂದು ನಿಲ್ಲೋದು. ಸದ್ದು ಮಾಡಿದರೆ ಕಾವು ಕೆಟ್ಟೀತು ಅಂತ ಒಂದು ದಿನವೂ ಉಸಿರೆತ್ತಲಿಲ್ಲ.

ಇಪ್ಪತ್ತೊಂದನೇ ದಿನ ಏಳೂ ಮೊಟ್ಟೆ ಒಡೆದವು. ಏಳು ಮರಿಯೂ ತಾಯಿ ಬಣ್ಣವೇ. ಬಿಳಿಗೆ ಎಷ್ಟು ಸಂತೋಷ ಅಂತೀಯ, ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಅಷ್ಟರಲ್ಲಿ ಅಂಗಳದ ಮೇಲೆ ಹದ್ದಿನ ನೆರಳು ಹಾಯಿತು. ಕೆಂಪಿ ಕರೆಯಿತು, ಬಿಳಿಯೂ ರೆಕ್ಕೆ ಬಿಚ್ಚಿ ಕರೆಯಿತು. ಮರಿಗಳು ಬಿಳಿಯ ಕಾಲ ಸಂದಿಯಲ್ಲೇ ನುಸುಳಿ ಓಡಿ, ಕೆಂಪಿಯ ರೆಕ್ಕೆಯಡಿ ಸೇರಿಕೊಂಡವು. ಏಳೂ.

ಹದ್ದು ಹೋಯಿತು. ಬಿಳಿ ರೆಕ್ಕೆ ಮಡಚೋದನ್ನೂ ಮರೆತು ನಿಂತಿತ್ತು.

"ಬೇಜಾರು ಮಾಡ್ಕೋಬೇಡಕ್ಕ" ಅಂತು ಕೆಂಪಿ. "ಚಿಪ್ಪಿನೊಳಗೇ ಕಿವಿ ಬರುತ್ತೆ ಇವಕ್ಕೆ. ದಿನವೆಲ್ಲ ನನ್ನ ದನಿ ಕೇಳಿವೆ. ನಿನ್ನದು ಒಂದು ಸಲವೂ ಕೇಳಿಲ್ಲ."

ಮಾರನೇ ದಿನ ಬಿಳಿ ಮತ್ತೆ ಮೊಟ್ಟೆಯಿಟ್ಟಿತು. ದ್ಯಾವೀರಿ ಎತ್ತಿಕೊಳ್ಳೋಕೆ ಬರೋ ಹೆಜ್ಜೆ ಸದ್ದು ಕೇಳಿಸಿತು. ಕೆಂಪಿಗೆ ಇಪ್ಪತ್ತೊಂದು ದಿನ ಸಿಗುತ್ತೆ, ತನಗೆ ಸಿಗೋದು ಇಷ್ಟೇ ಹೊತ್ತು. ಬಿಳಿ ಎದ್ದು ನಿಂತು, ಇದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿತು.

ಅವತ್ತಿನಿಂದ ಕೋಳಿಯಲ್ಲಿ ಜಾತಿ ಬೇರೆ ಬೇರೆಯಾದವು. ಸಾರಿಗೆ ಮಾಂಸ ಬೇಕಾದವರು ಕರಿಯ ವಂಶದ್ದು ತಂದರು, ಮರಿ ಬೇಕಾದವರು ಕೆಂಪಿಯದು, ದಿನಾ ಮೊಟ್ಟೆ ಬೇಕಾದವರು ಬಿಳಿಯದು. ನಿನಗೇನು ಬೇಕು ಅಂತ ಬಿಳಿಯನ್ನ ಮಾತ್ರ ಯಾರೂ ಕೇಳಲಿಲ್ಲ.

ಅದಕ್ಕೇ ಮಗ, ನೀನು ಗೂಡಿಗೆ ಕೈ ಹಾಕೋ ಮೊದಲೇ ಬಿಳಿ ಹೇಂಟೆ ಕೇರಿಗೆಲ್ಲ ಕೇಳೋ ಹಾಗೆ ಕೂಗುತ್ತೆ, ಮೊಟ್ಟೆಯೊಳಗಿರೋ ಮರಿ ಅಮ್ಮನ ದನಿಯನ್ನ ಒಂದು ಸಲವಾದರೂ ಕೇಳಿಸಿಕೊಂಡು ಹೋಗಲಿ ಅಂತ.