ಮಲಗಿದ ಗಡ್ಡೆ

ಹಿಮ ಬೀಳುವ ನಾಡು. ನದಿಯ ದಡದಲ್ಲಿ ಒಂದು ಆಶ್ರಮ. ಅಲ್ಲಿ ಭಾಗೀರಥಿತಾಯಿ ಬಂದವರಿಗೆ ಮದ್ದು ಕೊಡುತ್ತಿದ್ದರು. ಮದ್ದು ಅರೆಯುವವಳು ಶಿಷ್ಯೆ ರೇಣುಕೆ.

ಒಂದು ವರ್ಷ ತಾಯಿಯ ಮಂಡಿಗಳೇ ಊದಿಕೊಂಡವು. ಆ ನೋವಿಗೆ ಬೇಕಾದದ್ದು ಸುರಂಜನದ ಗಡ್ಡೆ. ಗುಡ್ಡದ ಮೇಲಿದ್ದ ಗಡ್ಡೆಗಳನ್ನು ಯಾರೋ ಬುಡಸಮೇತ ಅಗೆದು ಒಯ್ದಿದ್ದರು. ರೇಣುಕೆಗೆ ಸಿಕ್ಕಿದ್ದು ಒಣಗಿದ ನಾಲ್ಕಾರು ಕಾಯಿಗಳು, ಅವುಗಳೊಳಗೆ ಸಾಸಿವೆಯಂಥ ಬೀಜ.

ತಾಯಿ ಅರ್ಧ ಬೀಜವನ್ನು ತಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಉಳಿದದ್ದನ್ನು ಶಿಷ್ಯೆಗೆ ಕೊಟ್ಟರು.

"ಬಿತ್ತು. ಬೇಸಿಗೆಯಲ್ಲಿ ಮಾತ್ರ ಅದಕ್ಕೆ ಏನೂ ಕೊಡಬೇಡ."

"ಹೂ ಯಾವಾಗ ಬಿಡುತ್ತೆ, ತಾಯಿ?"

"ಶರತ್ಕಾಲದಲ್ಲಿ."

"ಈ ಶರತ್ಕಾಲದಲ್ಲೇ?"

"ಇನ್ನು ಐದಾರು ಕಳೆಯಲಿ."

"ಅಲ್ಲಿಯವರೆಗೆ ನಿಮ್ಮ ಮಂಡಿ?"

"ಅದಕ್ಕೂ ಕಾಯೋಕೆ ಹೇಳಿದ್ದೇನೆ."

ರೇಣುಕೆ ಪಾತಿ ಮಾಡಿ ಬಿತ್ತಿದಳು. ಹಿಮ ಕರಗಿದಾಗ ಗರಿಕೆಯಂಥ ಒಂಟಿ ಎಲೆಗಳು ಎದ್ದವು. ಬಿಸಿಲು ಏರಿದಂತೆ ಹಳದಿಯಾದವು. ಆಮೇಲೆ ಒಣಗಿ ಹೋದವು.

ತಾಯಿ ಈಗ ಗೋಡೆ ಹಿಡಿದು ನಡೆಯುತ್ತಿದ್ದರು. ಅದನ್ನು ನೋಡಲಾಗದೆ ರೇಣುಕೆ ದಿನವೂ ನದಿಯಿಂದ ಕೊಡ ತುಂಬಿ ತಂದು ಪಾತಿಗೆ ಹುಯ್ದಳು.

ಶರತ್ಕಾಲ ಬಂತು. ತಾಯಿ ಪಾತಿಯ ಪಕ್ಕ ಕುಳಿತು, "ಒಂದು ಅಗೆ, ನೋಡೋಣ" ಎಂದರು.

ಬೆರಳಿಗೆ ಬಂದದ್ದು ಗಡ್ಡೆಯಲ್ಲ, ಲೋಳೆ. ಮತ್ತೊಂದನ್ನು ಅಗೆದಳು. ಅದೂ ಕೊಳೆತಿತ್ತು. ಎಲ್ಲವೂ ಕೊಳೆತಿದ್ದವು.

"ನೀರು ಹಾಕಿದೆಯಾ?"

"ಏನೂ ಕೊಡಬೇಡ ಅಂದಿರಿ. ಗೊಬ್ಬರದ ಮಾತು ಅಂದುಕೊಂಡೆ." ರೇಣುಕೆ ಅಳತೊಡಗಿದಳು. "ಸಾಯ್ತಾ ಇದೆ ಅನ್ನಿಸಿತು, ತಾಯಿ."

"ಮಲಗಿತ್ತು ಕಣೇ. ನಿನ್ನ ಕೈಗೆ ಸುಮ್ಮನಿರೋದು ಬರಲ್ಲ."

ತಾಯಿ ಸೆರಗಿನ ಗಂಟು ಬಿಚ್ಚಿದರು.

"ಇದನ್ನು ಇದಕ್ಕೇ ಅಂತ ಇಟ್ಟುಕೊಂಡಿದ್ರಾ?"

"ನಿನ್ನ ಮುಖ ನೋಡಿಯೇ ಗಂಟು ಹಾಕಿದ್ದು."

ರೇಣುಕೆ ಬೀಜ ಮುಟ್ಟಲಿಲ್ಲ. "ಇದು ಹೂ ಬಿಡೋ ಹೊತ್ತಿಗೆ ನೀವು..."

"ಇರೋದಿಲ್ಲ. ಮಂಡಿನೋವಿನವರು ಬೇರೆ ಯಾರಾದರೂ ಇರ್ತಾರೆ. ಬಿತ್ತು."

ಅವಳು ಬಿತ್ತಿದಳು. ಚಳಿಗಾಲ ಕಳೆಯಿತು. ಮತ್ತೆ ಒಂಟಿ ಎಲೆಗಳು ಬಂದವು, ಮತ್ತೆ ಒಣಗಿದವು. ಈ ಸಲ ರೇಣುಕೆ ಕೊಡವನ್ನು ಬೋರಲು ಹಾಕಿಟ್ಟಳು. ಬರಿಯ ಮಣ್ಣನ್ನು ನೋಡುತ್ತಾ ಕೂರುವುದು ಅವಳಿಗೆ ನೀರು ಹೊರುವುದಕ್ಕಿಂತ ಭಾರವಾಗಿತ್ತು.

ಅದೇ ಬೇಸಿಗೆಯಲ್ಲಿ ತಾಯಿ ಹಾಸಿಗೆ ಹಿಡಿದರು. ಅನ್ನ ಬಿಟ್ಟರು, ಮಾತು ಬಿಟ್ಟರು. ಒಂದು ಮಧ್ಯಾಹ್ನ ಉಸಿರು ತಡೆತಡೆದು ಬರತೊಡಗಿತು.

ಹೋಗುವವರ ಬಾಯಿಗೆ ನೀರು ಬಿಡಬೇಕಲ್ಲ. ರೇಣುಕೆ ನದಿಗೆ ಓಡಿದಳು. ತಂಬಿಗೆ ತುಂಬಿ ತಂದು, ಒಂದು ಉದ್ಧರಣೆ ನೀರನ್ನು ತಾಯಿಯ ತುಟಿಯ ಹತ್ತಿರ ಹಿಡಿದಳು.

ತಾಯಿ ಕಣ್ಣು ತೆರೆದರು. ಉದ್ಧರಣೆಯನ್ನು ನೋಡಿದರು, ಅವಳನ್ನು ನೋಡಿದರು.

"ಮತ್ತೆ ನೀರು ತಂದೆಯಾ?"