ಅಕ್ಕಿಕಾಳಿನ ಆನೆ

ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಆಶ್ರಮ. ಅಲ್ಲಿದ್ದವರು ಮೂವರೇ: ಅವಧಾನಿಗಳೆಂಬ ಮುದಿ ಗುರು, ತ್ರ್ಯಂಬಕನೆಂಬ ಶಿಷ್ಯ, ಗರ್ಭಗುಡಿಯಲ್ಲಿ ದೇವರು. ಮೂವರಲ್ಲಿ ಮಾತು ಹೆಚ್ಚು ಶಿಷ್ಯನದೇ.

ತ್ರ್ಯಂಬಕನ ಪೂಜೆಯಲ್ಲಿ ಎಳ್ಳಷ್ಟೂ ತಪ್ಪು ಸಿಗುತ್ತಿರಲಿಲ್ಲ. ಮಂತ್ರ ಸ್ಪಷ್ಟ, ಸ್ವರ ಶುದ್ಧ, ಕೈ ಚುರುಕು.

ಒಂದು ದಿನ ಬೆಳಗಿನ ಪೂಜೆ ಮುಗಿಸಿ ಬಂದವನೇ ಗುರುಗಳ ಕಾಲಿಗೆ ಬಿದ್ದ.

"ನಾಳೆ ಹೊರಡ್ತೀನಿ ಗುರುಗಳೇ. ಅಪ್ಪಣೆ ಕೊಡಬೇಕು."

"ಎಲ್ಲಿಗೆ?"

"ಎಲ್ಲಿಗಾದರೂ. ಪೂಜೆ ಇಲ್ಲದ ಕಡೆಗೆ."

"ಯಾಕೋ, ದೇವರು ಏನಾದರೂ ಅಂದನೇ?"

"ಏನೂ ಅನ್ನಲ್ಲ. ಅದೇ ಕಷ್ಟ. ಬಾಯಿ ಮಂತ್ರ ಹೇಳುತ್ತೆ, ಕೈ ಹೂವು ಹಾಕುತ್ತೆ. ಒಳಗೆ ಮಾತ್ರ ಬೀಗ ಹಾಕಿದ ಮನೆ. ಕಣ್ಣು ಮುಚ್ಚಿದರೆ ಬರೀ ಕತ್ತಲೆ. ದಿನಾ ದೇವರೆದುರು ಕೂತು ಸುಳ್ಳು ಹೇಳಿದ ಹಾಗಾಗುತ್ತೆ. ಇನ್ನು ನನ್ನ ಕೈಲಿ ಆಗಲ್ಲ."

ಅವನ ಕಣ್ಣು ತುಂಬಿತ್ತು. ಹೊರಟರೆ ಮತ್ತೆ ಬರುವವನಲ್ಲ ಎಂದು ಅವಧಾನಿಗಳಿಗೆ ಗೊತ್ತಾಯಿತು.

"ನಾಳೆ ತಾನೇ? ಇವತ್ತು ಪುರುಸೊತ್ತಿದೆಯಲ್ಲ. ಬಾ, ಹೊಳೆ ದಾಟಿ ಒಂದು ಸುತ್ತು ತಿರುಗಾಡಿ ಬರೋಣ."

"ಏನು ಕೆಲಸಕ್ಕೆ?"

"ಕೆಲಸ ಇಲ್ಲದ್ದಕ್ಕೆ."

ಇಬ್ಬರೂ ಹರಿಗೋಲು ಹತ್ತಿದರು. ನಡುಹೊಳೆಯಲ್ಲಿ ಹರಿಗೋಲು ಗಿರ್ರನೆ ತಿರುಗಿತು. ತ್ರ್ಯಂಬಕ ಅಂಚನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡ.

"ಇನ್ನೊಂದು ಸಲ ತಿರುಗಿಸಪ್ಪಾ," ಎಂದರು ಗುರುಗಳು ಅಂಬಿಗನಿಗೆ.

ಆಚೆ ದಡದಲ್ಲಿ ಅವರೆ ಹೊಲಗಳು. ಹೂ ಬಿಟ್ಟ ಅವರೆಯ ಸೊಗಡು ದಾರಿಗೆಲ್ಲ ಹಬ್ಬಿತ್ತು. ಅವಧಾನಿಗಳು ಬದುವಿನ ಮೇಲೆ ನಿಂತು ನಿಂತು ಮೂಸಿದರು. ಕಾಲುವೆ ಸಿಕ್ಕರೆ ಅದರಲ್ಲೇ ಇಳಿದು ನಡೆದರು. ತ್ರ್ಯಂಬಕ ಮಡಿಪಂಚೆಯನ್ನು ಮೊಣಕಾಲ ತನಕ ಎತ್ತಿಕೊಂಡು, ಕೆಸರಿಗೆ ಹೆದರಿ, ಕಲ್ಲಿಂದ ಕಲ್ಲಿಗೆ ಹಾರುತ್ತ ಬಂದ. ಗುರುಗಳಿಗೆ ಅರಳುಮರಳು ಶುರುವಾಯಿತೇನೋ ಎಂಬ ಚಿಂತೆ ಅವನಿಗೆ.

ಹೊಲ ಮುಗಿದ ಮೇಲೆ ಬಂಡೆಗಳ ಗುಡ್ಡ. ಬಂಡೆಯ ಮೇಲೆ ಬಂಡೆ, ಅದರ ಮೇಲೆ ಇನ್ನೊಂದು. ಅಲ್ಲೊಂದು ಹುಣಸೆಮರದ ನೆರಳಿನಲ್ಲಿ ಕೂತಾಗ ಸೂರ್ಯ ನೆತ್ತಿಗೆ ಬಂದಿದ್ದ. ತ್ರ್ಯಂಬಕನ ಹೊಟ್ಟೆ ಚುರುಗುಟ್ಟುತ್ತಿತ್ತು.

ಗುರುಗಳು ಅವನ ಮುಂದೆ ಮುತ್ತುಗದ ಎಲೆ ಹಾಸಿದರು. ನೀರು ಚಿಮುಕಿಸಿದರು. ಶಲ್ಯದ ತುದಿಯ ಗಂಟು ಬಿಚ್ಚಿ, ಒಂದು ಅಕ್ಷತೆಯ ಕಾಳನ್ನು ಎಲೆಯ ಮೇಲಿಟ್ಟರು.

"ಹೋಳಿಗೆ ಬಡಿಸಿದೀನಿ. ತಿನ್ನು."

ತ್ರ್ಯಂಬಕ ಎಲೆ ನೋಡಿದ, ಗುರುಗಳ ಮುಖ ನೋಡಿದ.

ಅವರು ಇನ್ನೊಂದು ಕಾಳು ಇಟ್ಟರು. "ತುಪ್ಪ."

"ಗುರುಗಳೇ, ಇದು ಅಕ್ಕಿಕಾಳು."

"ಹಸಿವು ಇಂಗಲ್ವೋ?"

"ಅಕ್ಕಿಕಾಳು ತೋರಿಸಿ ಹೋಳಿಗೆ ಅಂದರೆ ಹೇಗೆ ಇಂಗುತ್ತೆ? ಹಸಿದವನ ಹತ್ತಿರ ಇಂಥ ಹುಡುಗಾಟ ಆಡಬಾರದು." ಅವನಿಗೆ ನಿಜಕ್ಕೂ ಸಿಟ್ಟು ಬಂದಿತ್ತು.

"ಇವತ್ತು ಬೆಳಗ್ಗೆ ದೇವರಿಗೆ ಆನೆ ಕೊಟ್ಟೆಯಲ್ಲ," ಎಂದರು ಅವಧಾನಿಗಳು. "ಅವನು ಅದನ್ನ ಹತ್ತಿದನೇ?"

ತ್ರ್ಯಂಬಕ ಎಲೆಯ ಮೇಲಿನ ಕಾಳುಗಳನ್ನು ಮತ್ತೆ ನೋಡಿದ.

ಪೂಜೆಯ ಕೊನೆಗೆ ದೇವರಿಗೆ ರಾಜನಿಗೆ ಸಲ್ಲುವ ಮರ್ಯಾದೆಯೆಲ್ಲ ಸಲ್ಲಬೇಕು. ಕೊಡೆ, ಚಾಮರ, ಹಾಡು, ಕುಣಿತ, ಪಲ್ಲಕ್ಕಿ, ಕುದುರೆ, ಆನೆ. ಬಡ ಆಶ್ರಮದಲ್ಲಿ ಅವೆಲ್ಲ ಎಲ್ಲಿಂದ ಬರಬೇಕು? ಒಂದೊಂದರ ಹೆಸರು ಹೇಳಿ ಒಂದೊಂದು ಅಕ್ಷತೆ ಹಾಕುವುದು ರೂಢಿ. 'ಗಜಾರೋಹಣಂ ಸಮರ್ಪಯಾಮಿ' ಎಂದು ಒಂದು ಕಾಳು ಹಾಕಿದರೆ ಆನೆ ಸಂದಿತು. ತ್ರ್ಯಂಬಕ ಅದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತಿದ್ದ.

"ಎಷ್ಟು ಎತ್ತರದ ಆನೆ ಅದು?" ಎಂದು ಗುರುಗಳು ಕೇಳಿದರು.

ತ್ರ್ಯಂಬಕ ಎಲೆಯ ಅಂಚನ್ನು ಮಡಿಸತೊಡಗಿದ.

"ದಂತ ಇತ್ತೇ?"

ಅವನು ತಲೆ ತಗ್ಗಿಸಿದ.

"ನಾನು ಆನೆಯನ್ನ ಸರಿಯಾಗಿ ನೋಡಿದವನೇ ಅಲ್ಲ ಗುರುಗಳೇ," ಎಂದ. ಎದುರಿನ ಬಂಡೆಗಳತ್ತ ನೋಡಿ, "ಚಿಕ್ಕವನಿದ್ದಾಗ ನಮ್ಮದೇ ಒಂದು ಇತ್ತು," ಎಂದ.

"ನಿಮ್ಮ ಮನೆಯಲ್ಲಿ ಆನೆ?"

"ಕೆರೆಯ ಹಿಂದೆ. ನನ್ನದು ಮತ್ತು ಅಕ್ಕನದು. ಅದಕ್ಕೆ ಕರಿಯಣ್ಣ ಅಂತಿದ್ವಿ. ಅಕ್ಕ ಮುಂದೆ ಕೂರೋಳು, ನಾನು ಹಿಂದೆ. ಎಲ್ಲೆಲ್ಲಿಗೋ ಹೋಗ್ತಿದ್ವಿ. ಒಂದು ಸಲ ಸಮುದ್ರದ ತನಕ ಹೋಗಿ, ಊಟದ ಹೊತ್ತಿಗೆ ವಾಪಸ್ ಬಂದ್ವಿ." ಅವನ ಮುಖದಲ್ಲಿ ಬೆಳಗಿನಿಂದ ಇಲ್ಲದ ನಗು ಸುಳಿಯಿತು. ಕೂಡಲೇ ಮಾಯವಾಯಿತು. "ಅದು ಬಂಡೆ, ಗುರುಗಳೇ."

"ಏನು ತಿನ್ನುತ್ತಿತ್ತು?"

"ಹುಲ್ಲು. ಸಂಜೆ ಕಂತೆ ಕಟ್ಟಿ ಇಟ್ಟು ಬರ್ತಿದ್ವಿ. ಬೆಳಗ್ಗೆ ಖಾಲಿ."

"ಯಾರು ತಿಂದಿದ್ದರು?"

"ಯಾರದೋ ಆಡು ಇರಬೇಕು."

"ಆವಾಗ ಯಾರು ತಿಂದಿದ್ದರು?"

ತ್ರ್ಯಂಬಕನ ದನಿ ಸಣ್ಣದಾಯಿತು. "ಕರಿಯಣ್ಣ."

"ಆಮೇಲೆ ಏನಾಯಿತು?"

"ಅಕ್ಕ ಮದುವೆಯಾಗಿ ಹೋದಳು. ನನ್ನನ್ನ ಪಾಠಶಾಲೆಗೆ ಹಾಕಿದರು. ನಮ್ಮೂರಲ್ಲಿ ನನಗೊಂದು ಆನೆ ಇದೆ ಅಂತ ಅಲ್ಲಿ ಹೇಳಿಬಿಟ್ಟೆ. ಬಿದ್ದು ಬಿದ್ದು ನಕ್ಕರು. ರಜೆಗೆ ಊರಿಗೆ ಹೋದಾಗ ಕೆರೆಯ ಹಿಂದೆ ಹೋಗಿ ನೋಡಿದೆ. ಕಲ್ಲು ಬಿದ್ದಿತ್ತು."

"ಕರೆದೆಯಾ ಅದನ್ನ?"

"ಇಲ್ಲ. ನಾಚಿಕೆ ಆಯ್ತು. ಸಂಧ್ಯಾವಂದನೆ ಮಾಡುವವನು ಕಲ್ಲನ್ನ ಕೂಗಿ ಕರೆಯೋದೇ?"

ಅವಧಾನಿಗಳು ಶಲ್ಯದ ಇನ್ನೊಂದು ತುದಿಯ ಗಂಟು ಬಿಚ್ಚಿದರು. ಬಾಳೆಲೆಯಲ್ಲಿ ಕಟ್ಟಿದ ಬುತ್ತಿ, ಅದರೊಳಗೆ ಮೊಸರನ್ನ, ಹೇರಳೆಕಾಯಿ ಉಪ್ಪಿನಕಾಯಿ.

"ತಿನ್ನು. ಹೊಟ್ಟೆಗೆ ಅಕ್ಷತೆ ಸಾಲದು."

ಊಟ ಮಾಡಿ ಗುರುಗಳು ಹುಣಸೆಯ ಬೇರಿಗೆ ತಲೆಕೊಟ್ಟು ಗೊರಕೆ ಹೊಡೆದರು. ಎದ್ದಾಗ ಬಿಸಿಲು ಓರೆಯಾಗಿತ್ತು.

"ಮಂಡಿ ಹಿಡಕೊಂಡಿದೆ ಮಗೂ. ನನ್ನಿಂದ ನಡೆಯೋದಾಗಲ್ಲ. ಒಂದು ಆನೆ ಕರಿ."

"ಗುರುಗಳೇ..."

"ನಾಳೆ ಹೊರಟೇ ಹೋಗುವವನು. ನಿನ್ನ ನೋಡಿ ನಗೋದಕ್ಕೆ ಇಲ್ಲಿ ಯಾರಿದಾರೆ? ನಾನು ನಗಲ್ಲ. ಕರಿ."

ತ್ರ್ಯಂಬಕ ಸುತ್ತ ನೋಡಿದ. ಯಾರೂ ಇರಲಿಲ್ಲ. ಗಂಟಲು ಸರಿಮಾಡಿಕೊಂಡ. ಸಾವಿರ ಮಂತ್ರ ತಡವರಿಸದೆ ಹೇಳಿದ ಬಾಯಿ ಒಂದು ಹೆಸರು ಹೇಳಲು ಒದ್ದಾಡಿತು.

"ಕರಿಯಣ್ಣ," ಎಂದ ಮೆಲ್ಲಗೆ.

"ಆನೆಯ ಕಿವಿ ದೊಡ್ಡದು ನಿಜ. ಆದರೂ ಇಷ್ಟು ಮೆಲ್ಲಗೆ ಕೇಳಿಸೀತೇ?"

ತ್ರ್ಯಂಬಕ ಎದ್ದು ನಿಂತ. ಎದೆ ತುಂಬ ಉಸಿರೆಳೆದು, ಅಕ್ಕನ ಜೊತೆ ಕೆರೆ ಏರಿಯ ಮೇಲೆ ನಿಂತು ಕೂಗುತ್ತಿದ್ದ ಹಾಗೆ ಕೂಗಿದ.

"ಕರಿಯಣ್ಣಾ! ಓ ಕರಿಯಣ್ಣಾ!"

ಬಂಡೆಗಳು ಓಗೊಟ್ಟವು. ಒಂದು ಹತ್ತಿರದಿಂದ, ಒಂದು ಮೇಲಿಂದ, ಇನ್ನೊಂದು ಗುಡ್ಡದ ಬೆನ್ನಿನಾಚೆಯಿಂದ.

ಆಮೇಲೆ ಎಲ್ಲ ಸದ್ದಡಗಿತು.

ಎದುರಿನ ಬಂಡೆಗಳ ನಡುವೆ ನೆರಳು ಇಳಿಯುತ್ತಿತ್ತು. ಅಲ್ಲಿ ಕಾಲುಗಳಿದ್ದವು. ನಾಲ್ಕೂ ಇದ್ದವು. ಮೇಲಿನ ಬಂಡೆಯ ಅಂಚು ಬೆನ್ನಾಗಿತ್ತು. ಮಳೆನೀರು ಇಳಿದಿಳಿದು ಕಪ್ಪಾದ ಗೆರೆ ಕೆನ್ನೆಯ ಮೇಲೆ ಮದವಾಗಿ ಹರಿದಿತ್ತು. ಕಿವಿ ಅಲುಗಿತೋ, ಕಿವಿಯ ಬಳಿಯ ಹುಲ್ಲು ಅಲುಗಿತೋ, ತ್ರ್ಯಂಬಕ ವಿಚಾರಿಸಲು ಹೋಗಲಿಲ್ಲ.

ಅದರ ಹೊಟ್ಟೆಯಡಿ ಒಂದು ಮರಿ ಮಲಗಿತ್ತು. ಅದರಾಚೆ ಒಂದು ಮುದಿಯಾನೆ ಸೊಂಡಿಲನ್ನು ಮಣ್ಣಿನಲ್ಲಿ ಚಾಚಿತ್ತು. ಅದರ ಮೇಲೆ ಒಂದು, ಮತ್ತೂ ಮೇಲೆ ಇನ್ನೊಂದು. ಅವನು ಕತ್ತೆತ್ತಿದ. ಎತ್ತುತ್ತಲೇ ಹೋದ. ಮಧ್ಯಾಹ್ನದಿಂದ ಗುಡ್ಡ ಎಂದುಕೊಂಡದ್ದು ಗುಡ್ಡವಾಗಿರಲಿಲ್ಲ. ಆಕಾಶದ ತನಕ ಹಿಂಡು ನಿಂತಿತ್ತು.

ಅವನ ಕೈಗಳು ತಾವಾಗಿಯೇ ಮುಗಿದುಕೊಂಡವು.

"ಗುರುಗಳೇ," ಎಂದು ಪಿಸುಗುಟ್ಟಿದ. "ಮೆಲ್ಲಗೆ. ಮರಿ ನಿದ್ದೆ ಮಾಡ್ತಿದೆ."

ಅವಧಾನಿಗಳು ಚಪ್ಪಲಿ ಬಿಟ್ಟರು. ಮಂಡಿಯ ನೋವು ಎಲ್ಲಿ ಹೋಯಿತೋ, ತುದಿಗಾಲಲ್ಲಿ ಅವನ ಹಿಂದೆ ನಡೆದರು.

ತ್ರ್ಯಂಬಕ ದೊಡ್ಡ ಆನೆಯ ಪಕ್ಕೆಗೆ ಅಂಗೈ ಇಟ್ಟ. ದಿನವಿಡೀ ಬಿಸಿಲು ಕುಡಿದ ಮೈ.

"ಬಿಸಿಯಾಗಿದೆ," ಎಂದ. ಅವನಿಗೆ ಅಳು ಬಂತು. ತಡೆಯಲಿಲ್ಲ.

ಗುರುಗಳು ಅಕ್ಷತೆಯ ಗಂಟನ್ನು ಅವನ ಕೈಗಿಟ್ಟರು.

ಯಾರೂ ಹೇಳದೆಯೇ ಅವನು ಶುರುಮಾಡಿದ. ಈ ಸಲ ಅವಸರವಿರಲಿಲ್ಲ. ಕೊಡೆ ಎಂದು ಒಂದು ಕಾಳು ಹಾಕಿ, ಕೊಡೆ ಬಿಚ್ಚಿಕೊಳ್ಳುವ ತನಕ ಕಾದ. ಚಾಮರ ಎಂದಾಗ ಕೆನ್ನೆಗೆ ಗಾಳಿ ತಾಕಿತು. ಹಾಡಿಗೆ ಕಿವಿಗೊಟ್ಟ. ಕುಣಿತ ಮುಗಿಯುವ ತನಕ ಪಲ್ಲಕ್ಕಿಯನ್ನು ಕರೆಯಲಿಲ್ಲ. ಕುದುರೆ ಕೆನೆಯಿತು.

ಕೊನೆಯ ಕಾಳು ಬೆರಳ ತುದಿಯಲ್ಲಿ ಉಳಿಯಿತು. 'ಗಜಾರೋಹಣಂ' ಎಂದು ನಿಧಾನವಾಗಿ ಹೇಳಿ, ಕಾಳು ಬಿಟ್ಟ.

ಯಾರೋ ಹತ್ತಿ ಕೂತರು. ಕತ್ತೆತ್ತಿ ನೋಡುವ ಧೈರ್ಯ ತ್ರ್ಯಂಬಕನಿಗೆ ಆಗಲಿಲ್ಲ. ಹಣೆಯನ್ನು ನೆಲಕ್ಕೆ ಮುಟ್ಟಿಸಿ ಬಹಳ ಹೊತ್ತು ಹಾಗೆಯೇ ಇದ್ದ.

ಎದ್ದಾಗ ಪಂಚೆಯ ತುಂಬ ಮಣ್ಣು. ಅವನು ಕೊಡವಿಕೊಳ್ಳಲಿಲ್ಲ.

"ಗುರುಗಳೇ, ಇದೆಲ್ಲ ನನ್ನ ಕಲ್ಪನೆ ಅಲ್ಲವೇ?"

"ಇವತ್ತು ಬೆಳಗ್ಗೆ ಒಂದು ಕಲ್ಲಿಗೆ ಸುಪ್ರಭಾತ ಹಾಡಿ, ನೀರು ಹದವಾಗಿದೆಯಾ ಅಂತ ಕೈಯಿಟ್ಟು ನೋಡಿ, ಸ್ನಾನ ಮಾಡಿಸಿದವನು ಯಾರಪ್ಪಾ? ನಾನಂತೂ ಅಲ್ಲ."

ತ್ರ್ಯಂಬಕ ಅಳುತ್ತಲೇ ನಕ್ಕುಬಿಟ್ಟ.

ಹೊತ್ತು ಮುಳುಗುವ ಮುಂಚೆ ಇಬ್ಬರೂ ಇಳಿಜಾರು ಇಳಿದರು. ಅವರೆ ಹೊಲದ ಬದು ಬರುವ ತನಕ ಶಿಷ್ಯ ಆಗಾಗ ಹಿಂದೆ ತಿರುಗಿ ನೋಡುತ್ತಿದ್ದ. ಅವು ಬರುತ್ತಿದ್ದವು.

"ಗುರುಗಳೇ, ನಾಳೆ ಬೆಳಗಿನ ಪೂಜೆ ನಾನೇ ಮಾಡಲೇ?"

"ಮಾಡು," ಎಂದರು ಅವಧಾನಿಗಳು. "ಗರ್ಭಗುಡಿಯ ಬಾಗಿಲು ಗಿಡ್ಡ. ತಲೆ ತಗ್ಗಿಸಿ ಬರೋದಕ್ಕೆ ಅವಕ್ಕೆ ಈಗಲೇ ಹೇಳಿಡು."