ಹಡೆದವ್ವನ ದಿಬ್ಬ

ಎರೆಗಟ್ಟಿ ಗ್ರಾಮದಲ್ಲಿ ಕಳೆದ ಸೋಮವಾರ ಗಂಭೀರ ಘಟನೆಯೊಂದು ನಡೆಯಿತು. ಊರ ಪಡುವಲಿಗಿರುವ ಹಡೆದವ್ವನ ದಿಬ್ಬದ ಮೇಲಿನ ಕಲ್ಲಿಗೆ ಆಡೊಂದು ಮೈ ತಿಕ್ಕಿಕೊಂಡು, ಕಲ್ಲು ಎರಡು ಬೆರಳಿನಷ್ಟು ವಾಲಿತು. ಪಂಚಾಯಿತಿ ತುರ್ತು ಸಭೆ ಸೇರಿತು. ಆಡಿನ ಒಡೆಯ ಕ್ಷಮೆ ಕೇಳಿದ, ಆಡು ಕೇಳಲಿಲ್ಲ. ಸಂಜೆಯೊಳಗೆ ಎಲ್ಲ ಓಣಿಗಳವರೂ ಸೇರಿ ಕಲ್ಲನ್ನು ನೆಟ್ಟಗೆ ನಿಲ್ಲಿಸಿದರು. ದಿಬ್ಬವೆಂದರೆ ಆಳೆತ್ತರದ ಎರೆಮಣ್ಣಿನ ಗುಡ್ಡೆ, ಪಕ್ಕದಲ್ಲೊಂದು ಬೇವಿನ ಮರ, ಸುತ್ತ ಕ್ರೈಸ್ತ ಸಭೆಯ ಹಳೆಯ ಸಮಾಧಿಗಳು. ಇಷ್ಟಕ್ಕೆ ಊರು ಗಾಬರಿಯಾಗುವುದೇಕೆ ಎಂದು ಹೊರಗಿನವರು ಕೇಳುತ್ತಾರೆ. ಅಲ್ಲಿ ಮಲಗಿರುವ ಹೆಂಗಸು ಎಷ್ಟು ಮಕ್ಕಳನ್ನು ಹಡೆದಳು ಎಂದೂ ಕೇಳುತ್ತಾರೆ. ಆ ಎರಡನೆಯ ಪ್ರಶ್ನೆ ಬಂದೊಡನೆ ಊರವರು ಚಹಾ ತರಿಸುತ್ತಾರೆ.

ಹಿಂದೆ ಒಮ್ಮೆ, ಪ್ಲೇಗಿಗೆ ಹೆದರಿ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಾಲದಲ್ಲಿ, ಸಲೋಮವ್ವ ಎಂಬ ವಿಧವೆ ಐದು ಮಕ್ಕಳೊಡನೆ ಇಲ್ಲಿಗೆ ನಡೆದು ಬಂದಳು ಎನ್ನುತ್ತಾರೆ. ಐವರ ಮುಖಗಳೂ ಐದು ಊರಿನವು. "ಇದರಾಗ ನಿನ್ನವು ಯಾವು ಬೇ?" ಎಂದು ಬಾವಿಕಟ್ಟೆಯ ಹೆಂಗಸರು ಕೇಳಿದರೆ, "ಹಸದವೆಲ್ಲಾ ನನ್ನವ. ನಿನಗೂ ಹಸಿವಾಗೇತೇನು?" ಎನ್ನುತ್ತಿದ್ದಳು. ಹಗಲೆಲ್ಲ ಮಗ್ಗದ ಕೆಲಸ. ಬೆಳಗ್ಗೆ ಅದಕ್ಕೂ ಮೊದಲು ಪ್ರಾರ್ಥನೆ. ಅವಳ ಪ್ರಾರ್ಥನೆ ಉದ್ದ. ದೇವರಿಗೆ ಮುಟ್ಟಿತೋ ಇಲ್ಲವೋ, ಅಷ್ಟರಲ್ಲಿ ಅಂಬಲಿಯಂತೂ ಆರುತ್ತಿತ್ತು. ಐವರ ಹೆಸರನ್ನೂ ದೇವರ ಮುಂದೆ ಹೇಳುವಳು, ಆದರೆ ಇವತ್ತು ಮೊದಲು ಬಂದ ಹೆಸರು ನಾಳೆ ಮೊದಲು ಬರುತ್ತಿರಲಿಲ್ಲ. ಹೀಗಾಗಿ ಹೊಟ್ಟೆಯಲ್ಲಿ ಹುಟ್ಟಿದವರು ಯಾರೆಂದು ಊರಿಗೂ ತಿಳಿಯಲಿಲ್ಲ, ಮಕ್ಕಳಿಗೂ ತಿಳಿಯಲಿಲ್ಲ. ನಾಲ್ವರಂತೂ ಒಳಗೊಳಗೇ ತಾನೇ ಆ ಮಗುವೆಂದು ನಂಬಿ, ಉಳಿದವರನ್ನು ಕಂಡು ಕನಿಕರಪಡುತ್ತ ಬೆಳೆದರು.

ಹಿರಿಯವಳು ರಾಹೇಲಳಿಗೆ ಮಾತ್ರ ಗೊತ್ತಿತ್ತು. ಬರುವಾಗ ಅವಳಿಗೆ ಎಂಟು ವರ್ಷ. ತನ್ನವರೆಲ್ಲ ತೀರಿಕೊಂಡ ಗುಡಿಸಲಿನ ಮುಂದೆ ಅವಳು ಕುಳಿತಿದ್ದಾಗ, ದಾರಿಬದಿಯಲ್ಲಿ ಒಬ್ಬ ಹೆಂಗಸು ಸಣ್ಣದೊಂದು ಗುಂಡಿಗೆ ಮಣ್ಣು ಮುಚ್ಚಿ ಅಂಗೈಯಿಂದ ಒತ್ತುತ್ತಿದ್ದುದನ್ನು ಕಂಡಿದ್ದಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಮೂವತ್ತು ವರ್ಷಗಳ ಮೇಲೆ ಸಲೋಮವ್ವ ತೀರಿಕೊಂಡಳು. ಎರೆಗಟ್ಟಿಯ ಸಭೆಯಲ್ಲಿ ಒಂದು ಪದ್ಧತಿಯಿತ್ತು: ಗುಂಡಿಗೆ ಮೊದಲ ಹಿಡಿ ಮಣ್ಣು ಹಡೆದ ಮಕ್ಕಳದು, ಅವರಿಲ್ಲದಿದ್ದರೆ ಗಂಡನ ಮನೆಯವರದು. ಉಳಿದವರು ಆಮೇಲೆ, ಊರವರ ಜೊತೆಗೆ. ಇದನ್ನು ನಡೆಸುವವನು ಸಭೆಯ ಹಿರಿಯ ಯೋಬಪ್ಪ. ಸತ್ತವನೊಬ್ಬನ ವಯಸ್ಸಿನಲ್ಲಿ ಒಂದು ವರ್ಷ ಹೆಚ್ಚಿಗೆ ಕೆತ್ತಿದ್ದಾರೆಂದು ಕಲ್ಲನ್ನೇ ಕೀಳಿಸಿದ ಮನುಷ್ಯ. ಅಂದು ಸಲೋಮವ್ವನ ಮೈದುನ ಇಸಾಕಪ್ಪನೂ ಬಂಡಿ ಕಟ್ಟಿಕೊಂಡು, ಒಗೆದ ಧೋತರ ಉಟ್ಟು ಬಂದಿದ್ದ.

"ಹಡದ ಮಕ್ಕಳು ಮುಂದ ಬರ್ರಿ," ಎಂದ ಯೋಬಪ್ಪ. ಐವರೂ ಮುಂದೆ ಬಂದರು. "ಅತ್ತಿಗಿಗೆ ಇದ್ದದ್ದು ಒಂದ ಗಂಡು ಕೂಸರೀ," ಎಂದ ಇಸಾಕಪ್ಪ. "ಅದು ಇದ್ರ ಬರ್ಲಿ. ಇಲ್ಲಾಂದ್ರ ಮೊದಲ ಹಿಡಿ ನಂದು." ಎಲ್ಲರೂ ರಾಹೇಲಳತ್ತ ತಿರುಗಿದರು. ಮೂವರು ತಮ್ಮಂದಿರಲ್ಲಿ ಒಬ್ಬನತ್ತ ಬೆರಳು ತೋರಿಸಿದ್ದರೆ ಬಂಡಿ ಬಂದ ದಾರಿಯಲ್ಲೇ ಹೋಗುತ್ತಿತ್ತು. ಆದರೆ ಅವ್ವ ಮೂವತ್ತು ವರ್ಷ ಆರಿಸದೆ ಬಿಟ್ಟದ್ದನ್ನು ತಾನು ಆರಿಸುವುದು ಹೇಗೆ? ಅವಳ ಶವದ ಮುಂದೆ ಸುಳ್ಳು ಹೇಳುವುದಾದರೂ ಹೇಗೆ?

"ಆ ಕೂಸು ಹಾದ್ಯಾಗ ತೀರಿಕೊಂತರೀ," ಎಂದಳು. "ಅವ್ವ ಅದನ್ನ ಮಣ್ಣಿಗಿಟ್ಟು ಎದ್ದು, ಕೈ ಸೈತ ತೊಳೀದನ ನನ್ನ ಎತ್ತಿಕೊಂಡ್ಲು. ಇವರೂ ಮುಂದ ಹಂಗ ಸಿಕ್ಕವರು. ನಾವ್ಯಾರೂ ಆಕಿ ಹೊಟ್ಯಾಗ ಹುಟ್ಟಿಲ್ರಿ." ಎಲ್ಲರಿಗಿಂತ ಕಿರಿಯ ತಮ್ಮ ಹಿಂದೆ ಸರಿದು ಊರವರ ಸಾಲಿಗೆ ಹೋಗಿ ನಿಂತ. ಇಸಾಕಪ್ಪ ಬಾಗಿ ಒಂದು ಹಿಡಿ ಮಣ್ಣು ತೆಗೆದುಕೊಂಡ.

"ನಿಲ್ಲೋ ತಮ್ಮಾ," ಎಂದ ಯೋಬಪ್ಪ. "ಆ ಕೂಸಿಗೆ ಮಣ್ಣು ಹಾಕುವಾಗ ನೀ ಎಲ್ಲಿದ್ದಿ?"

"ಪ್ಲೇಗಿನ ಕಾಲರೀ. ಬಾಗಲಾ ಹಾಕಿಕೊಂಡು ಒಳಗಿದ್ವಿ."

"ಆಕಿ ಹೊರಗಿದ್ಲು. ಹಂಗಾರ ಮಣ್ಣು ಕೆಳಗ ಹಾಕು." ಆಮೇಲೆ ಯೋಬಪ್ಪ ಮೊದಲಿನ ದನಿಯಲ್ಲೇ ಕರೆದ: "ಹಡದ ಮಕ್ಕಳು ಬರ್ರಿ."

"ಅಜ್ಜಾರ, ನಾ ಹೇಳಿದ್ದು ಕೇಳಿಸಲಿಲ್ಲೇನ್ರಿ?" ಎಂದಳು ರಾಹೇಲ.

"ಕಿವಿ ನೆಟ್ಟಗದಾವ ಯವ್ವಾ. ಬಾ."

ಐವರೂ ಒಟ್ಟಿಗೇ ಮಣ್ಣು ಹಾಕಿದರು ಎನ್ನುತ್ತಾರೆ. ಅವರ ಹಿಂದೆ ಊರಿಗೆ ಊರೇ ಹಾಕಿತು. ಅಂದಿನಿಂದ ಅವಳಿಗೆ ಹಡೆದವ್ವ ಎಂದೇ ಹೆಸರಾಯಿತು. ಸುತ್ತಲ ಹಳ್ಳಿಗಳಲ್ಲಿ ಬೇರೆಯವರ ಮಗುವನ್ನು ಸಾಕಲು ಮನೆಗೆ ತಂದವರು, ಯಾವ ಜಾತಿಯವರೇ ಇರಲಿ, ತಮ್ಮ ಹೊಲದ ಮಣ್ಣನ್ನು ಒಂದು ಹಿಡಿ ತಂದು ಅಲ್ಲಿ ಹಾಕುವುದು ವಾಡಿಕೆಯಾಗಿ, ಸಮಾಧಿ ದಿಬ್ಬವಾಯಿತು. ಕಪ್ಪು ಎರೆಯ ನಡುವೆ ಕೆಂಪು ಮಸಾರಿಯ ಪದರಗಳನ್ನು ಈಗಲೂ ಕಾಣಬಹುದು. ಕೇಳಿದವರಿಗೆ ಸಭೆಯವರು ಮರಣದ ಪುಸ್ತಕವನ್ನೂ ತೋರಿಸುತ್ತಾರೆ. ಅದರಲ್ಲಿ ಯೋಬಪ್ಪನ ಕೈಬರಹದಲ್ಲಿ, "ಸಲೋಮವ್ವ. ಹಡೆದ ಮಕ್ಕಳು: ಐವರು" ಎಂದಿದೆ. ಅದನ್ನು ಇದುವರೆಗೆ ಯಾರೂ ತಿದ್ದಿಲ್ಲ.